ಚೆಸ್‌ನಲ್ಲಿ ಸಿಸಿಲಿಯನ್ ಎದುರು 2.ಬಿ4: ಆ ಕಾಲಾಳಿಗೆ ತಕ್ಕ ಪ್ರತಿಫಲ ಉಂಟೇ?

ಒಂಟೆಕರ್ಣ: ಸಿಸಿಲಿಯನ್ ರಕ್ಷಣೆಯ (1.ಇ4 ಸಿ5) ಎದುರು 2.ಬಿ4, ಅಂದರೆ ವಿಂಗ್ ಗ್ಯಾಂಬಿಟ್: ಆಟದ ಶುರುವಿನಲ್ಲೇ ಬಿ ಕಾಲಾಳನ್ನು ಬಲಿ ಕೊಡುವುದು. ಇದನ್ನು ಅಪರೂಪದ್ದು ಎಂದು ಬದಿಗೆ ಸರಿಸುವವರೇ ಹೆಚ್ಚು. ನನ್ನ ಮಟ್ಟಿಗೆ ಇದು ಆಡಬಹುದಾದ ಬಲಿ. 2...ಸಿ×ಬಿ4 (ಮೂರು ಚುಕ್ಕಿ ಅಂದರೆ ಕಪ್ಪಿನ ನಡೆ, × ಅಂದರೆ ಹೊಡೆತ) ಆದ ಮೇಲೆ ಡಿ4 ಮನೆಯನ್ನು ಕಾಯುತ್ತಿದ್ದ ಕಾಲಾಳು ಅಂಚಿನ ಕಡೆ ಹೋಯಿತು. 3.ಎ3 ಬಿ×ಎ3 4.ಕುದುರೆ×ಎ3 ಆದರೆ ಎ, ಬಿ ಎರಡೂ ಸಾಲು ಬಿಳಿಗೆ ತೆರೆದಿವೆ, ಕುದುರೆಗೆ ಬಿ5 ಮತ್ತು ಸಿ4 ಮನೆಗಳಿವೆ, ಮಧ್ಯದಲ್ಲಿ ಡಿ4-ಇ4 ಜೋಡಿ ನಿಲ್ಲುತ್ತದೆ. ಒಂದು ಕಾಲಾಳಿಗೆ ಇಷ್ಟು ಸಾಲದೇ?

ಕಪ್ಪುಮನೆ: ಸಾಲುತ್ತದೆ, ಕಪ್ಪು 3...ಬಿ×ಎ3 ಆಡಿದರೆ. ಆದರೆ ಆಡುವುದೇಕೆ? 3...ಡಿ5 ಇದೆಯಲ್ಲ! 4.ಇ×ಡಿ5 ರಾಣಿ×ಡಿ5. ಈಗ ಅವಸರದಲ್ಲಿ 5.ಎ×ಬಿ4 ಹೊಡೆದರೆ 5...ರಾಣಿ ಇ5 ಚೆಕ್, ಮುಂದಿನ ನಡೆಗೆ ಎ1ರ ಆನೆ ಹೋಯಿತು, ಬಿ2 ಖಾಲಿ ಇರುವುದರಿಂದ. ಹಾಗಾಗಿ 5.ಕುದುರೆ ಎಫ್3 ಬೇಕೇ ಬೇಕು. 5...ಇ5 6.ಎ×ಬಿ4 ಒಂಟೆ×ಬಿ4. ಎಣಿಸಿ ನೋಡಿ: ಬಿಳಿಗೆ ಐದು ಕಾಲಾಳು, ಕಪ್ಪಿಗೆ ಆರು. ನೀವು ಹೇಳಿದ ಡಿ4-ಇ4 ಜೋಡಿಯಲ್ಲಿ ಇ ಕಾಲಾಳೇ ಇಲ್ಲ. ಯಾವುದಕ್ಕಾಗಿ ಕಾಲಾಳು ಕೊಟ್ಟಿರೋ ಅದನ್ನೇ ಎದುರಾಳಿಯ ಒಳ್ಳೆಯ ಉತ್ತರ ಕಿತ್ತುಹಾಕುತ್ತದೆ. 4.ಇ5 ಎಂದು ಮುಂದೊತ್ತಿದರೂ ಕಪ್ಪಿನ ಬಿಳಿಮನೆ ಒಂಟೆ ಎಫ್5ಕ್ಕೆ ಬಂದು, ಆಮೇಲೆ ಇ6 ಆಡಬಹುದು. ಫ್ರೆಂಚ್ ರಕ್ಷಣೆಯಲ್ಲಿ (1.ಇ4 ಇ6) ಕಪ್ಪಿಗಿರುವ ದೊಡ್ಡ ತೊಂದರೆ, ಅಂದರೆ ಈ ಒಂಟೆ ಇ6 ಕಾಲಾಳಿನ ಹಿಂದೆ ಸಿಕ್ಕಿಕೊಳ್ಳುವುದು, ಇಲ್ಲಿಲ್ಲ.

ಒಂಟೆಕರ್ಣ: ನಿಮ್ಮ ಸರಣಿಯನ್ನು ಅಲ್ಲಿಗೇ ನಿಲ್ಲಿಸಬೇಡಿ. 7.ಸಿ3 ಒಂಟೆ ಸಿ5 8.ಕುದುರೆ ಎ3. ಕಪ್ಪು 8...ಒಂಟೆ×ಎ3 ಹೊಡೆದರೆ 9.ಒಂಟೆ×ಎ3. ಆ ಒಂಟೆ ಎಫ್8 ಮನೆಯನ್ನು ಹಿಡಿದಿಡುತ್ತದೆ, ಇ7ಕ್ಕೆ ಕುದುರೆ ಬಂದು ಅಡ್ಡ ನಿಲ್ಲುವ ತನಕ ಕ್ಯಾಸಲಿಂಗ್ (ರಾಜನನ್ನು ಆನೆಯ ಕಡೆ ಸರಿಸಿ ಭದ್ರಪಡಿಸುವ ನಡೆ) ಇಲ್ಲ. ಹೊಡೆಯದಿದ್ದರೆ ಕುದುರೆ ಬಿ5ಕ್ಕೆ ಹಾರಿ, ಸಿ7ರಿಂದ ಫೋರ್ಕ್ (ಒಂದೇ ನಡೆಯಲ್ಲಿ ಒಂದಕ್ಕಿಂತ ಹೆಚ್ಚು ಕಾಯಿಗಳ ಮೇಲೆ ದಾಳಿ) ಬೆದರಿಕೆ.

ಕಪ್ಪುಮನೆ: 8...ಕುದುರೆ ಎಫ್6 ಸಾಕು. 9.ಕುದುರೆ ಬಿ5 ಆಡಿದರೆ ಕ್ಯಾಸಲಿಂಗ್. ಈಗ 10.ಕುದುರೆ ಸಿ7ರಲ್ಲಿ ಚೆಕ್ ಇಲ್ಲ, ಅದೇ ವ್ಯತ್ಯಾಸ: 10...ಒಂಟೆ×ಎಫ್2 ಚೆಕ್ 11.ರಾಜ×ಎಫ್2 ರಾಣಿ ಸಿ5 ಚೆಕ್, ಸಿ7ರ ಕುದುರೆ ವಾಪಸ್ ಸಿಗುತ್ತದೆ. ಬಿಳಿ ರಾಜ ಮಾತ್ರ ಬಯಲಲ್ಲಿ. 9.ಒಂಟೆ ಸಿ4 ಆಡಿದರೆ 9...ರಾಣಿ ಇ4 ಚೆಕ್. 10.ರಾಜ ಎಫ್1 ಅಂದರೆ ಬಿಳಿಯ ಕ್ಯಾಸಲಿಂಗ್ ಹೋಯಿತು, 10.ಒಂಟೆ ಇ2 ಅಂದರೆ ಒಂದು ನಡೆ ವ್ಯರ್ಥ, 10.ರಾಣಿ ಇ2 ಅಂದರೆ ರಾಣಿಗಳ ವಿನಿಮಯ.

ಮುಕ್ತಸಾಲು: ಆ ಕೊನೆಯ ಮಾತು ಮುಖ್ಯ. ಗ್ಯಾಂಬಿಟ್ ಪರೀಕ್ಷಿಸಲು ರಾಣಿಗಳನ್ನು ಮನಸ್ಸಿನಲ್ಲೇ ಹಲಗೆಯಿಂದ ತೆಗೆದು ನೋಡಬೇಕು. ಕಪ್ಪು ಬಿ ಕಾಲಾಳನ್ನು ಬಲಿ ಕೊಡುವ ಬೆಂಕೋ ಗ್ಯಾಂಬಿಟ್‌ನಲ್ಲಿ (1.ಡಿ4 ಕುದುರೆ ಎಫ್6 2.ಸಿ4 ಸಿ5 3.ಡಿ5 ಬಿ5) ರಾಣಿಗಳು ಹೋದ ಮೇಲೂ ಎ, ಬಿ ಸಾಲುಗಳ ಒತ್ತಡ ಹಾಗೇ ಉಳಿಯುತ್ತದೆ, ಎಷ್ಟೋ ಸಲ ಹೆಚ್ಚುತ್ತದೆ. ಇಲ್ಲಿ ರಾಣಿಗಳು ಹೋದರೆ ಕಪ್ಪಿನ ಎ ಕಾಲಾಳು ತಡೆಯಿಲ್ಲದೆ ಓಡುತ್ತದೆ. ಇವಾನ್ಸ್ ಗ್ಯಾಂಬಿಟ್‌ನ ಬಿ4 ಜೊತೆ ಇದನ್ನು ಹೋಲಿಸುವುದೂ ತಪ್ಪು. ಅಲ್ಲಿ ಬಿ4 ಸಿ5ರ ಒಂಟೆಯ ಮೇಲೆ ಬೀಳುತ್ತದೆ, ಅದು ಹೊಡೆದರೆ ಸಿ3 ಮತ್ತೆ ಅದನ್ನೇ ಓಡಿಸುತ್ತದೆ. ನಡೆಗಳು ಉಳಿಯುವುದರಿಂದಲೇ 1995ರಲ್ಲಿ ರೀಗಾದಲ್ಲಿ ಕಾಸ್ಪರೋವ್ ಅದನ್ನು ಆನಂದ್ ವಿರುದ್ಧ ಆಡಿ ಗೆಲ್ಲಲು ಸಾಧ್ಯವಾಯಿತು. ವಿಂಗ್ ಗ್ಯಾಂಬಿಟ್‌ನಲ್ಲಿ ಹೊಡೆಯುವುದು ಬರೀ ಕಾಲಾಳು. ಅದನ್ನು ಓಡಿಸಿ ಯಾವ ನಡೆಯೂ ಉಳಿಯದು.

ನಡೆಎಣಿಕೆ: ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶ) ಹಾಕಿದರೆ ಎರಡು ನಿಮಿಷದಲ್ಲಿ ತೀರ್ಮಾನವಾಗುವ ವಿಷಯಕ್ಕೆ ಇಷ್ಟೊಂದು ವಾದವೇಕೆ?

ಮುಕ್ತಸಾಲು: ಅಂಕಿ ನೋಡುವುದಕ್ಕೂ ಒಂದು ಕ್ರಮ ಇದೆ. ಸ್ಟಾಕ್‌ಫಿಶ್ ಎಂಬ ಎಂಜಿನ್‌ನಲ್ಲಿ 15.1 ಆವೃತ್ತಿಯಿಂದ ಈಚೆಗೆ 1.00 ಎಂದರೆ ಒಂದು ಕಾಲಾಳು ಹೆಚ್ಚು ಎಂದಲ್ಲ, ಆ ಎಂಜಿನ್ ತನ್ನೊಡನೆ ತಾನೇ ಆಡಿದರೆ ಗೆಲ್ಲುವ ಸಾಧ್ಯತೆ ಸುಮಾರು ಅರ್ಧ ಎಂದು. ಎರಡನೇ ನಡೆಯಲ್ಲೇ ನಿಲ್ಲಬೇಡಿ, ಮುಖ್ಯ ಸರಣಿಯ ಕೊನೆಯ ತನಕ ಹೋಗಿ ಅಲ್ಲಿ ಹೊಸದಾಗಿ ಲೆಕ್ಕ ಹಾಕಿಸಿ. ಒಂದೇ ಸರಣಿ ಸಾಲದು, ನಾಲ್ಕು ತೋರಿಸಲು ಹೇಳಿ. ಪ್ರತಿ ಹಂತದಲ್ಲೂ ಕಪ್ಪಿಗೆ ಒಂದೇ ಸರಿಯಾದ ನಡೆ ಇದ್ದರೆ ಆ ಬಲಿ ಹಲಗೆಯ ಮೇಲೆ ಅಪಾಯಕಾರಿ. ಮೂರು ನಾಲ್ಕು ನಡೆಗಳು ಸಮನಾಗಿ ಚೆನ್ನಾಗಿದ್ದರೆ ಎದುರಾಳಿ ಕಣ್ಣುಮುಚ್ಚಿ ಆಡಿದರೂ ಪಾರಾಗುತ್ತಾನೆ.

ಒಂಟೆಕರ್ಣ: ಒಂದು ಆಟ ಸೋತ ಮಾತ್ರಕ್ಕೆ ಬಲಿ ತಪ್ಪು ಎನ್ನುವ ಅವಸರವೂ ಬೇಡ. 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾರ್ಷಲ್ ರೂಯ್ ಲೋಪೆಜ್ ಎಂಬ ಆರಂಭದಲ್ಲಿ 8...ಡಿ5 ಬಲಿ ಕೊಟ್ಟು ಕಾಪಾಬ್ಲಾಂಕಾ ಎದುರು ಸೋತರು. ಆಗ ಅವರು ಆಡಿದ್ದು 11...ಕುದುರೆ ಎಫ್6. ಅದೇ ಜಾಗದಲ್ಲಿ 11...ಸಿ6 ಬಂದ ಮೇಲೆ ಮಾರ್ಷಲ್ ಅಟ್ಯಾಕ್ ಇವತ್ತಿಗೂ ವಿಶ್ವಮಟ್ಟದಲ್ಲಿ ನಿಂತಿದೆ.

ಕಪ್ಪುಮನೆ: ಒಪ್ಪುವ ಮಾತೇ. ಆದರೆ ಅಲ್ಲಿ ಕಪ್ಪಿನ ಎರಡೂ ಒಂಟೆಗಳು, ರಾಣಿ ಎಲ್ಲ ಬಿಳಿ ರಾಜನ ಕಡೆ ತಿರುಗಿವೆ. ಇಲ್ಲಿ ಕಪ್ಪಿನ ರಾಜನ ಹತ್ತಿರ ಬಿಳಿಯ ಯಾವ ಕಾಯಿ ಇದೆ ಹೇಳಿ.

ನಡೆಎಣಿಕೆ: ಹಾಗಾದರೆ ತಡವಾಗಿ ಕೊಟ್ಟರೆ? 2.ಕುದುರೆ ಎಫ್3 ಡಿ6 ಆದ ಮೇಲೆ 3.ಬಿ4. ಕಪ್ಪಿಗೆ ಡಿ5 ಆಡಲು ಈಗ ಇನ್ನೊಂದು ನಡೆ ವ್ಯಯವಾಗುತ್ತದೆ. 3...ಸಿ×ಬಿ4 4.ಡಿ4 ಕುದುರೆ ಎಫ್6 5.ಒಂಟೆ ಡಿ3, ಮಧ್ಯ ಪೂರ್ತಿ ಬಿಳಿಯದು.

ಕಪ್ಪುಮನೆ: ಕೊಡುವುದಾದರೆ ಅಲ್ಲೇ ಕೊಡಿ. ಎರಡನೇ ನಡೆಯ ಬಲಿಗಿಂತ ಇದು ಖಂಡಿತ ಗಟ್ಟಿ. ನಾನಾದರೆ 5...ಜಿ6 ಆಡಿ ಒಂಟೆಯನ್ನು ಜಿ7ಕ್ಕೆ ತರುತ್ತೇನೆ. ಬಿ2 ಖಾಲಿ ಇರುವುದರಿಂದ ಆ ಕರ್ಣದ ತುದಿಯಲ್ಲಿ ಎ1ರ ಆನೆಗೆ ಕಾವಲಿಲ್ಲ. ಬಿಳಿ ಒಂಟೆ ಬಿ2ಕ್ಕೆ ಬಂದು ಅಡ್ಡ ನಿಂತರೆ ಎ3-ಎಫ್8 ಕರ್ಣ ಬಿಡಬೇಕು. ಎರಡರಲ್ಲಿ ಯಾವುದನ್ನು ಬಿಡುತ್ತೀರಿ ಎಂಬುದಕ್ಕೆ ಉತ್ತರ ಸಿಕ್ಕರೆ ಈ ಸರಣಿಯನ್ನು ಮುಂದಕ್ಕೆ ನೋಡೋಣ.