ಊರಿಗೆ ಹೊಂಟವ್ರು ಹುಡುಗ್ರಿಗೆ ಇದನ್ನ ಕಲ್ಸ್ಕೊಂಡೇ ಹೋಗ್ರಿ

ಶರಣಬಸವೇಶ್ವರ ಜಾತ್ರಿಗೆ ಹುಡುಗ್ರನ್ನ ಕರ್ಕೊಂಡು ಕಲಬುರಗಿಗೆ ಹೊಂಟೀವಿ ಅಂತ ಭಾಳ ಜನ ಬರ್ದೀರಿ, ಓದಿ ಖುಷಿ ಆಯ್ತು. ಆದ್ರ ಎಲ್ಲಾರೂ ಟಿಕೆಟ್, ವೀಸಾ, ಇಂಜೆಕ್ಷನ್ ಬಗ್ಗೆನೇ ಕೇಳ್ಲತ್ತೀರಿ, ಹುಡುಗ್ರಿಗೆ ಏನು ಕಲ್ಸ್ಬೇಕು ಅಂತ ಯಾರೂ ಕೇಳವಲ್ರು. ಇಲ್ಲಿ ಅಮೆರಿಕದಾಗ ಸ್ಕೂಲ್‌ನ್ಯಾಗ ಕಲ್ತದ್ದು ಅಲ್ಲಿ ಪೂರಾ ನಡ್ಯಂಗಿಲ್ರಿ.

ರಸ್ತಿದೇ ನೋಡ್ರಿ. ಇಲ್ಲಿ ಗಾಡಿ ಬಲಕ್ಕ ನಡೀತಾವ, ಅದಕ್ಕ ನಮ್ ಹುಡುಗ್ರು ದಾಟೋ ಮೊದ್ಲು ಎಡಕ್ಕ ನೋಡ್ತಾವ, ಊರಾಗ ಗಾಡಿ ಮೊದ್ಲ ಬರೋದು ಬಲಗಡಿಯಿಂದ, ಅದ್ರ ಮ್ಯಾಲ ರಾಂಗ್ ಸೈಡ್ ಬೈಕ್ ಬ್ಯಾರೆ. ಜೀಬ್ರಾ ಕ್ರಾಸಿಂಗ್ ಮ್ಯಾಲ ಕಾಲಿಟ್ರ ಕಾರ್ ನಿಲ್ತದ ಅಂತ ನಂಬಿದ ಕೂಸಿನ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರದ ರಸ್ತಿದಾಗ ಕೈ ಬಿಡಬ್ಯಾಡ್ರಿ. ಈಗಿಂದನೇ ಮನ್ಯಾಗ ನೆಲದ ಮ್ಯಾಲ ಆಟಗಿ ಕಾರ್ ಇಟ್ಟು "ಬಲಕ್ಕ, ಎಡಕ್ಕ, ಮತ್ತ ಬಲಕ್ಕ" ಆಡ್ಸ್ರಿ.

ತುರ್ತಿಗೆ ಫೋನ್ ಹಚ್ಚೋ ಇಲ್ಲಿಯ 911 ಅಲ್ಲಿ ಮರೀಬೇಕು, 112 ಕಲ್ಸ್ರಿ, ಮಕ್ಕಳ ಸಹಾಯವಾಣಿ 1098 ಸೈತ. ನಿಮ್ಮ ಅಮೆರಿಕದ ನಂಬರ್ ಬಾಯಿಪಾಠ ಇದ್ರ ಜಾತ್ರಿ ಗದ್ದಲದಾಗ ಯಾರು ಫೋನ್ ಹಚ್ತಾರ್ರಿ? ಮುತ್ಯಾನ ನಂಬರ್, ಮುತ್ಯಾನ ಪೂರ್ತಿ ಹೆಸ್ರು, ಓಣಿ ಹೆಸ್ರು ಇವು ಬಾಯಾಗಿರ್ಲಿ, ನಮ್ ಕಡಿ ಹಿರ್ಯಾರ ಹೆಸ್ರು ಹೇಳಿದ್ರ ಜನ ಮನಿ ಹುಡಿಕಿ ಮುಟ್ಟಿಸ್ತಾರ. "ನಾ ತಪ್ಪಿಸ್ಕೊಂಡೀನಿ, ನಮ್ ಮುತ್ಯಾಗ ಫೋನ್ ಹಚ್ರಿ" ಅನ್ನೋದು ಕನ್ನಡದಾಗೇ ರೂಢಿ ಆಗ್ಲಿ. ತೇರು ಎಳಿಯುವಾಗ ಎಲ್ಲಾರೂ ಉತ್ತತ್ತಿ, ಬಾಳೆಹಣ್ಣು ಎಸ್ಯೋ ಹೊತ್ತಿನ್ಯಾಗ ಕೈ ತಪ್ಪಿದ್ರ ನಮ್ಮನ್ನ ಹುಡುಕ್ಕೊಂಡು ಓಡಬಾರ್ದು, ಬಾಜು ಸರ್ದು ಒಂದೇ ಕಡಿ ನಿಂದರಬೇಕು, ಪೊಲೀಸ್ರಿಗೋ ಇಲ್ಲಾ ಮಕ್ಕಳ ಜೋಡಿ ಬಂದ ಹೆಣ್ಮಗಳಿಗೋ ಹೇಳ್ಬೇಕು.

ಬೀದಿ ನಾಯಿ ಕಂಡ್ರ ಮುಟ್ಟಬ್ಯಾಡ, ಓಡಬ್ಯಾಡ ಅಂತ ಹೇಳ್ರಿ, ಬರೇ ಪರಚಿದ್ರೂ ಮುಚ್ಚಿಡದೆ ಹೇಳ್ಬೇಕು, 15 ನಿಮಿಷ ಸಾಬೂನು ಹಚ್ಚಿ ತೊಳ್ದು ಅವತ್ತೇ ದವಾಖಾನಿಗೆ.

ಈಗ ನಂಗ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರೋ ಮಾತು. ಮನಿ ತುಂಬ ಬೀಗ್ರು ಬಿಜ್ಜರು ಇರ್ತಾರ, ಗಲ್ಲ ಹಿಂಡ್ತಾರ, ಎಳ್ಕೊಂಡು ತೊಡಿ ಮ್ಯಾಲ ಕುಂದ್ರಸ್ತಾರ, ಪ್ರೀತಿಯಿಂದನೇ ಮಾಡ್ತಾರ ಖರೆ. ಆದ್ರ ಕೂಸು ಬ್ಯಾಡ ಅಂದ್ರ "ಭಾಳ ಸೊಕ್ಕಿನ್ ಹುಡುಗಿ" ಅಂತ ಮಾತು ಬರ್ತದ, ಆವಾಗ ನಾವೇ "ಹೋಗವ್ವ, ಕಾಕಾಗ ಮುದ್ದು ಕೊಡು" ಅಂತ ದಬ್ಬಿದ್ರ, "ಮುಟ್ಟೋದು ಬ್ಯಾಡ ಅನ್ಸಿದ್ರ ಬ್ಯಾಡ ಅನ್ನು" ಅಂತ ವರ್ಷಗಟ್ಲೆ ಹೇಳಿಕೊಟ್ಟದ್ದು ಆ ಒಂದು ಮಾತಿನಾಗ ಅಳಿಸ್ತದ. ಕೈ ಮುಗ್ದು "ಆರಾಮ ಇದ್ದೀರಿ" ಅಂತ ಕೇಳ್ಲಿ, ಅಷ್ಟೇ ಸಾಕು ಮರ್ಯಾದಿ. ಹೋಗೋ ಮುಂಚೇನೇ ಆಯಿಗೆ, ಮುತ್ಯಾಗ ಫೋನ್ ಮಾಡಿ ತಿಳಿಸಿ ಹೇಳ್ರಿ, ಅವ್ರು ಒಪ್ಪಿದ್ರ ಉಳ್ದವ್ರು ಸುಮ್ನಾಗ್ತಾರ. "ಇದು ಯಾರಿಗೂ ಹೇಳಬ್ಯಾಡ" ಅಂತ ಯಾರೇ ಅಂದ್ರೂ, ಚಾಕ್ಲೇಟ್ ಕೊಟ್ಟು ಅಂದ್ರೂ, ಅದನ್ನೇ ಮೊದ್ಲು ಅವ್ವಗ ಹೇಳ್ಬೇಕು ಅಂತ ಗಟ್ಟಿ ಮಾಡ್ರಿ, ಗಂಡ್ಮಕ್ಕಳಿಗೂ ಹೇಳ್ರಿ. ಯಾಕಂದ್ರ ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯದ ಕೇಸ್‌ನ್ಯಾಗ ಹೆಚ್ಚಾಗಿ ಆರೋಪಿ ಆಗಿರೋರು ಗುರ್ತಿನವ್ರೇ. ಇದನ್ನ ತಡಿಯೋಕಂತ ಇರೋ 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಗಂಡು ಹೆಣ್ಣು ಇಬ್ರಿಗೂ ಅದ, ಗೊತ್ತಿದ್ದೂ ಪೊಲೀಸ್ರಿಗೆ ತಿಳಿಸದೆ ಮನಿ ಮರ್ಯಾದಿ ಅಂತ ಮುಚ್ಚಿಟ್ರ ಅದೂ ಅಪರಾಧನೇ.

ಬ್ಯಾಸಗಿ ಅಂತ ಎಲ್ಲಾರೂ ಮಾಳಗಿ ಮ್ಯಾಲ ಮಲಗೋ ರೂಢಿ ಇದ್ರ ಮಲಗ್ರಿ, ಆದ್ರ ನಿಮ್ ಕೂಸಿನ ಹಾಸ್ಗಿ ನಿಮ್ ಬಾಜೂಕೇ ಇರ್ಲಿ, ಯಾರು ಏನಂದ್ರೂ ಸರಿ.