ಬಡಾವಣೆಯವರೆಲ್ಲ ಸೇರಿ ಮತದಾರರ ಪಟ್ಟಿ ತಾಳೆ ನೋಡುವುದು ಹೇಗೆ?

ಕೆರೆದಂಡೆ: ಬೆಂಗಳೂರಿನಲ್ಲಿ 200 ಮನೆಗಳ ಬಡಾವಣೆ, ಅರ್ಧದಷ್ಟು ಬಾಡಿಗೆದಾರರು. ಕೈಯಲ್ಲಿ ವೋಟರ್ ಐಡಿ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಯಾರೂ ಮತಗಟ್ಟೆಯಿಂದ ವಾಪಸ್ ಬರಬಾರದು. ಸಂಘದಿಂದ ಎಲ್ಲರ ಅರ್ಜಿ ಒಟ್ಟಿಗೆ ಕೊಡಬಹುದೇ?

ಭಾಗಸಂಖ್ಯೆ: ಇಲ್ಲ. ಸಂಘ ಕಂತೆ ಕಟ್ಟಿ ತಂದ ಅರ್ಜಿಗಳನ್ನು ತೆಗೆದುಕೊಳ್ಳುವುದಿಲ್ಲ. ಒಬ್ಬರು ತಮ್ಮ ಮನೆಯವರದ್ದನ್ನು ಮಾತ್ರ ಸೇರಿಸಿ ಕೊಡಬಹುದು. ಸಂಘಕ್ಕೆ ನಿಜವಾದ ಬಲ ಇರುವುದು ಪಟ್ಟಿ ಓದುವುದರಲ್ಲಿ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಿಂದ ನಿಮ್ಮ ಭಾಗದ (ಒಂದು ಮತಗಟ್ಟೆಗೆ ಸೇರಿದ ಪಟ್ಟಿಗೆ ಭಾಗ ಅನ್ನುತ್ತಾರೆ) ಪಿಡಿಎಫ್ ಇಳಿಸಿ, ಪ್ರಿಂಟ್ ತೆಗೆಸಿ, ಬೀದಿಗಿಬ್ಬರಂತೆ ಮನೆಮನೆಗೆ ಹೋಗಿ ಹೆಸರಿಗೆ ಹೆಸರು ತಾಳೆ ನೋಡಿ. ಅಕ್ಕಪಕ್ಕದ ಮನೆಗಳೇ ಬೇರೆ ಬೇರೆ ಭಾಗದಲ್ಲಿರುವುದುಂಟು, ಹಾಗಾಗಿ ಪಕ್ಕದ ಭಾಗಗಳೂ ಕೈಯಲ್ಲಿರಲಿ.

ಕೊನೆಯ ಪುಟಗಳ ಪೂರಕ ಪಟ್ಟಿಯನ್ನು, ಅಂದರೆ ಆಮೇಲೆ ಸೇರಿಸಿದ, ತೆಗೆದ ಹೆಸರುಗಳ ಪಟ್ಟಿಯನ್ನು, ಬಿಡಲೇಬೇಡಿ. ತೆಗೆದುಹಾಕಿದ ಹೆಸರಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ಇ ತೀರಿಕೊಂಡವರು, ಎಸ್ ಮನೆ ಬದಲಿಸಿದವರು, ಆರ್ ಎರಡು ಸಲ ಹೆಸರಿದ್ದವರು, ಎಂ ಪತ್ತೆಯಾಗದವರು. ಅದೇ ಮನೆಯಲ್ಲಿ ಇಂದಿಗೂ ಇರುವವರ ಹೆಸರಿಗೆ ಎಸ್ ಬಿದ್ದಿದ್ದರೆ ಈಗಲೇ ಹಿಡಿಯಬೇಕು. ಮತದಾನದ ದಿನ ಗೊತ್ತಾದರೆ ಯಾರ ಕೈಯಲ್ಲೂ ಏನೂ ಆಗದು.

ಮೂರನೇ ಅಡ್ಡರಸ್ತೆ: ಜನ ಎಡವುವುದು ಯಾವ ಅರ್ಜಿ ನಮೂನೆ (ಫಾರ್ಮ್) ಹಾಕಬೇಕು ಎನ್ನುವುದರಲ್ಲಿ. ನಮೂನೆ 6 ಹೊಸಬರಿಗೆ, ಮತ್ತೆ ಹೆಸರು ಪೂರ್ತಿ ಅಳಿಸಿಹೋದವರಿಗೆ. ಊರಿನ ಪಟ್ಟಿಯಲ್ಲಿ ಹೆಸರಿದ್ದು ಇಲ್ಲಿಗೆ ಬಂದವರಿಗೆ 8. 2022ರ ಆಗಸ್ಟ್‌ನಿಂದ ಕ್ಷೇತ್ರ ಬದಲಾದರೂ ಅದೇ 8, ಐಡಿ ನಂಬರ್ ಹಳೆಯದೇ ಉಳಿಯುತ್ತದೆ. ಇವರು 6 ಹಾಕಿದರೆ ಎರಡು ಕಡೆ ಹೆಸರಾಗುತ್ತದೆ. ಬೇರೆಲ್ಲೂ ಹೆಸರಿಲ್ಲ ಎಂದು ಸುಳ್ಳು ಘೋಷಣೆಗೆ ಸಹಿ ಹಾಕಿದಂತೆಯೂ ಆಗುತ್ತದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಂನಲ್ಲಿ ಅದಕ್ಕೆ ಒಂದು ವರ್ಷದವರೆಗೆ ಜೈಲಿದೆ.

ಬಾಡಿಗೆದಾರರಿಗೆ ವಿಳಾಸದ ತೊಡಕು. ನೋಂದಣಿಯಾಗದ 11 ತಿಂಗಳ ಕರಾರು ಪುರಾವೆಯಲ್ಲ, ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಈಗಿನ ವಿಳಾಸ ಹಾಕಿಸಿಕೊಳ್ಳುವುದೇ ಹತ್ತಿರದ ದಾರಿ. ಬಿಎಲ್‌ಒ (ಅರ್ಜಿ ಪರಿಶೀಲಿಸಲು ಮನೆಗೆ ಬರುವ ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಮನೆಗೆ ಬೀಗ ಇದ್ದರೆ ಅರ್ಜಿ ಅಲ್ಲೇ ಬಿದ್ದುಹೋಗಬಹುದು. ಅರ್ಜಿಯಲ್ಲಿ ಮೊಬೈಲ್ ನಂಬರ್ ಬರೆಯಿರಿ, ಪಕ್ಕದ ಮನೆಯವರಿಗೂ ಹೇಳಿಡಿ.

ಕೆರೆದಂಡೆ: ಗಡುವು?

ಭಾಗಸಂಖ್ಯೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ 1ನೇ ತಾರೀಖು ಅರ್ಹತಾ ದಿನ, ಅಂದರೆ ಆ ದಿನಕ್ಕೆ 18 ತುಂಬಿರಬೇಕು. 17 ತುಂಬಿದ ಮಕ್ಕಳಿಂದ ಮುಂಗಡವಾಗಿಯೇ ಅರ್ಜಿ ಹಾಕಿಸಿ. ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ 7 ದಿನ ಬಿಡಬೇಕು, ಆದ್ದರಿಂದ ಕೊನೆಯ ವಾರದ ಅರ್ಜಿ ದಡ ಸೇರುವುದು ಕಷ್ಟ. ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾ ಮಟ್ಟದ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ.

ಇನ್ನೊಂದು ಮಾತು. ಹೆಸರು ತೆಗೆಸಲು ಹಾಕುವುದು ನಮೂನೆ 7, ಹಾಗೆ ಬಂದ ಅರ್ಜಿಗಳ ಪಟ್ಟಿ ನಮೂನೆ 10. ಅದನ್ನು ಪ್ರಕಟಿಸಲೇಬೇಕು. ವಾರಕ್ಕೊಮ್ಮೆ ಒಬ್ಬರು ಅದನ್ನು ನೋಡುವ ಪಾಳಿ ಹಾಕಿಕೊಳ್ಳಿ. ನಿಮ್ಮ ಬೀದಿಯ ಹೆಸರು ಕಂಡರೆ ಅವತ್ತೇ ಆ ಮನೆಯ ಬಾಗಿಲು ತಟ್ಟಿ.