ಟೇಬಲ್ ರೋಸ್ ಬುಡ ಕೊಳೆಯುತ್ತಿದೆ, ಹೂವೂ ಕಡಿಮೆ. ಏನು ಮಾಡಲಿ?

ಪ್ರಶ್ನೆ (ಚಿತ್ರದುರ್ಗದಿಂದ)

ಎಲ್ಲರಿಗೂ ನಮಸ್ಕಾರ. ಗೇಟಿನಿಂದ ಮೆಟ್ಟಿಲವರೆಗೆ 12 ಅಡಿ ಉದ್ದ, 3 ಅಡಿ ಅಗಲದ ಜಾಗ ಇದೆ. ಹುಲ್ಲು ಹಾಕೋಣ ಅಂದರೆ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಮನೆಗೇ ಸಾಲುವುದಿಲ್ಲ. ಅದಕ್ಕೇ ಹುಲ್ಲಿನ ಬದಲು ನೆಲಕ್ಕೆ ಹಬ್ಬಿ ಹೂ ಬಿಡುವ ಟೇಬಲ್ ರೋಸ್‌ನ 20 ಸಸಿ ತಂದು ನೆಟ್ಟೆ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿದ್ದೆ, ದಿನಾ ಬೆಳಿಗ್ಗೆ ಸಂಜೆ ನೀರು. ಒಂದೂವರೆ ತಿಂಗಳಲ್ಲಿ 8 ಗಿಡ ಹೋದವು. ಬುಡ ಬೇಯಿಸಿದ ಹಾಗೆ ಮೆತ್ತಗಾಗಿದೆ, ಬೆರಳಲ್ಲಿ ಒತ್ತಿದರೆ ನೀರು ಒಸರುತ್ತದೆ. ಉಳಿದವು ಹಸಿರಾಗಿ ಉದ್ದಕ್ಕೆ ಹೋಗಿವೆ, ಹೂವು ಮಾತ್ರ ವಾರಕ್ಕೆ ಒಂದೋ ಎರಡೋ. ಮೆಟ್ಟಿಲ ಕಡೆ ಕಾಂಪೌಂಡ್ ನೆರಳು, ಅಲ್ಲಿ ಬಿಸಿಲು 3 ಗಂಟೆ ಬಂದರೆ ಹೆಚ್ಚು. ತುಂಬಾ ಆಸೆಯಿಂದ ನೆಟ್ಟಿದ್ದು, ಬೇಜಾರಾಗಿದೆ.

ಉತ್ತರ 1 (ಮೈಸೂರಿನಿಂದ)

ನೀರೇ ಜಾಸ್ತಿಯಾಗಿದೆ. ಈ ಗಿಡ ಎಲೆ, ಕಾಂಡ ಎರಡರಲ್ಲೂ ನೀರು ತುಂಬಿಟ್ಟುಕೊಳ್ಳುತ್ತದೆ, ನಮ್ಮ ಗೋಣಿ ಸೊಪ್ಪಿನ ಜಾತಿಯೇ ಅಲ್ವಾ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ನೀರು ಕೊಡಿ. ಕೊಳೆತದ್ದನ್ನು ಕಿತ್ತು ಬಿಸಾಡಿ. ಗಟ್ಟಿಯಾಗಿರುವ ತುದಿಗಳನ್ನು ಬೆರಳುದ್ದ ಚಿವುಟಿ, ಕೆಳಗಿನ ಎಲೆ ತೆಗೆದು, ಅರ್ಧ ದಿನ ನೆರಳಲ್ಲಿ ಒಣಗಲು ಬಿಟ್ಟು ಆಮೇಲೆ ನೆಡಿ. ಗಾಯ ಒಣಗದೆ ಹಸಿ ಮಣ್ಣಿಗೆ ಹೋದರೆ ಮತ್ತೆ ಅದೇ ಕಥೆ. ಕೆಂಪು ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ, ಗೊಬ್ಬರ ಒಂದೆರಡು ಹಿಡಿ ಸಾಕು. ಗೊಬ್ಬರ ಹೆಚ್ಚಾದರೆ ಸೊಪ್ಪು ಬೆಳೆಯುತ್ತದೆ, ಮೊಗ್ಗು ಕಟ್ಟುವುದಿಲ್ಲ. ಹೀಗೆ ಚಿವುಟಿದ ಕಡೆ ಎರಡು ಮೂರು ಕವಲು ಒಡೆಯುತ್ತವೆ, ನೆಲ ತುಂಬುವುದು ಹಾಗೆಯೇ.

ಉತ್ತರ 2 (ಪುತ್ತೂರಿನಿಂದ)

ನಮ್ಮ ಕಡೆ ಇದಕ್ಕೆ ಹತ್ತು ಗಂಟೆ ಹೂ ಅನ್ನುತ್ತಾರೆ. ಬಿಸಿಲು ಏರಿದಾಗ ಅರಳಿ ಮಧ್ಯಾಹ್ನದ ನಂತರ ಮುಚ್ಚಿಕೊಳ್ಳುತ್ತದೆ, ಮೋಡ ಇದ್ದ ದಿನ ಅರಳುವುದೇ ಕಡಿಮೆ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕೇ ಬೇಕು, ಮೆಟ್ಟಿಲ ಕಡೆ ನೆಟ್ಟು ಸುಮ್ನೆ ಕಾಯಬೇಡಿ. ನಮ್ಮಲ್ಲಿ ಜೂನ್ ಮಳೆ ಶುರುವಾದರೆ ನೆಲದಲ್ಲಿರುವುದು ಉಳಿಯುವುದಿಲ್ಲ. ಅದಕ್ಕೇ ಮೇ ಕೊನೆಗೆ ಪ್ರತಿ ಬಣ್ಣದ ನಾಲ್ಕು ತುಂಡು ಕುಂಡದಲ್ಲಿ ನೆಟ್ಟು ಮಾಡಿನ ಕೆಳಗೆ ಇಡುತ್ತೇನೆ.

ಉತ್ತರ 3 (ಹೊಸಪೇಟೆಯಿಂದ)

ನೆರಳಿನ ಭಾಗಕ್ಕೆ ವೆಡೇಲಿಯಾ ಹಾಕಿ, ಹಳದಿ ಹೂವು, ಬೇಗ ಹಬ್ಬುತ್ತದೆ.

ಉತ್ತರ 4 (ಮೈಸೂರಿನಿಂದ)

ದಯವಿಟ್ಟು ಅದು ಬೇಡ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಪಕ್ಕದವರ ಜಾಗಕ್ಕೂ ನುಗ್ಗುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ನೆರಳಿಗೆ ಪರ್ಪಲ್ ಹಾರ್ಟ್ ಒಳ್ಳೆಯದು. ನೇರಳೆ ಎಲೆ, ಚಿಕ್ಕ ಗುಲಾಬಿ ಹೂವು, ನೀರು ಕಡಿಮೆಯಾದರೂ ತಡೆಯುತ್ತದೆ. ನೆರಳಲ್ಲಿ ಎಲೆಯ ಬಣ್ಣ ಸ್ವಲ್ಪ ಹಸಿರಿಗೆ ತಿರುಗುತ್ತದೆ, ಅಷ್ಟೇ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಇವತ್ತೇ ಹಳೆಯ ಮಣ್ಣು ತೆಗೆಸಿ ಮರಳು ಬೆರೆಸಿದೆ. 30 ತುದಿ ಚಿವುಟಿ ಜಗಲಿ ಮೇಲೆ ಪೇಪರ್ ಹಾಸಿ ಹರಡಿದ್ದೇನೆ, ಸಂಜೆ ಗೇಟಿನ ಕಡೆ ನೆಡುತ್ತೇನೆ. ನೆಟ್ಟ ಮೊದಲ ದಿನ ನೀರು ಚಿಮುಕಿಸಬಹುದಾ?

ಉತ್ತರ 5 (ಮೈಸೂರಿನಿಂದ)

ಮಣ್ಣಲ್ಲಿ ಸ್ವಲ್ಪ ತೇವ ಇದ್ದರೆ ಬೇಡ. ಪೂರ್ತಿ ಒಣಗಿದ್ದರೆ ಮಾತ್ರ ಒಂದು ಸಲ ಚಿಮುಕಿಸಿ.